ಜೀವಕೋಶದ ಗಾಯವನ್ನು ರೋಗಿಯ ಪಕ್ಕದಲ್ಲಿ ನಿಂತು ಓದುವುದು ಹೇಗೆ? ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಬಿ.ಎಸ್ಸಿ ನರ್ಸಿಂಗ್ ಮೂರನೇ ಸೆಮಿಸ್ಟರ್‌ನಲ್ಲಿ ಫಾರ್ಮಕಾಲಜಿಯ ಜೊತೆ ಬರುವ ಪ್ಯಾಥಾಲಜಿಯಲ್ಲಿ ಮೊದಮೊದಲೇ ಎದುರಾಗುವ ಪಾಠ ಸೆಲ್ ಇಂಜುರಿ. ಬಹಳಷ್ಟು ಮಂದಿ ಇದನ್ನು ಉರುಹೊಡೆದು ಪಾಸಾಗುತ್ತಾರೆ. ಆಮೇಲೆ ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ತುಮಕೂರಿನಲ್ಲೋ ವಾರ್ಡ್ ಪೋಸ್ಟಿಂಗ್‌ಗೆ ಹೋಗುತ್ತಾರೆ. ಒಂದು ಬೆಡ್‌ನಲ್ಲಿ ಹಾವು ಮುಟ್ಟಿದ ಕಾಲಿಗೆ ಹಗ್ಗ ಬಿಗಿದುಕೊಂಡು ಬಂದ ರೈತ, ಇನ್ನೊಂದರಲ್ಲಿ ಬೆನ್ನಿನಡಿ ಕೆಂಪಾದ ಲಕ್ವಾ ಅಜ್ಜಿ, ಮತ್ತೊಂದರಲ್ಲಿ ಕಳೆನಾಶಕ ಕುಡಿದ ಹುಡುಗ. ಮೂವರದ್ದೂ ಆ ಒಂದೇ ಪಾಠ ಎಂದು ಹೊಳೆಯುವುದೇ ಇಲ್ಲ.

ಹೊಳೆಯಬೇಕಾದರೆ ಪ್ರತಿ ರೋಗಿಯ ಮುಂದೆಯೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕೋಶಕ್ಕೆ ಏನು ಸಿಗುತ್ತಿಲ್ಲ, ಅಥವಾ ಏನು ಹೆಚ್ಚಾಗಿದೆ? ಅದಾಗಿ ಎಷ್ಟು ಹೊತ್ತಾಯಿತು? ಪುಸ್ತಕದಲ್ಲಿ ಮೊದಲನೆಯದಕ್ಕೆ ಪುಟಗಟ್ಟಲೆ ಉತ್ತರವಿದೆ. ಎರಡನೆಯದಕ್ಕೆ ಉತ್ತರ ರೋಗಿಯ ಕಡೆಯವರ ಬಾಯಲ್ಲಿದೆ, ಕೇಳಿ ಬರೆದುಕೊಳ್ಳಬೇಕಾದವರು ನೀವು.

ಹಂತ 1: ನಾಲ್ಕು ಪದಗಳನ್ನು ಒಬ್ಬ ರೋಗಿಯ ಮೇಲೆ ಕೂರಿಸಿ

ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಕಾಲಿನ ಹೆಬ್ಬೆರಳು ಕಪ್ಪಾಗಿದೆ ಎಂದುಕೊಳ್ಳಿ. ವರ್ಷಗಳ ಕಾಲ ಹತೋಟಿಯಲ್ಲಿಲ್ಲದ ಸಕ್ಕರೆ ಮತ್ತು ಬೀಡಿ, ಇವು ಈಟಿಯಾಲಜಿ, ಅಂದರೆ ಕಾರಣ. ರಕ್ತನಾಳ ಕಿರಿದಾಗಿ ಬೆರಳಿಗೆ ಆಮ್ಲಜನಕ ತಲುಪದೆ ಕೋಶಗಳು ಸಾಯುತ್ತಾ ಬಂದ ದಾರಿ ಪ್ಯಾಥೋಜೆನೆಸಿಸ್. ಕಪ್ಪಾಗಿ, ಒಣಗಿ, ಮುದುಡಿದ ಅಂಗಾಂಶದ ರೂಪ ಮಾರ್ಫಾಲಜಿ. ನಡೆದರೆ ಮೀನಖಂಡ ಹಿಡಿಯುವುದು, ಪಾದದ ನಾಡಿ ಸಿಗದಿರುವುದು, ಬೆರಳು ತಣ್ಣಗಿರುವುದು ಕ್ಲಿನಿಕಲ್ ಲಕ್ಷಣಗಳು. ಯಾವ ಕಾಯಿಲೆ ಓದಿದರೂ ಈ ನಾಲ್ಕು ಖಾನೆ ತುಂಬಿಸಿ. ತುಂಬದ ಖಾನೆಯೇ ನೀವು ಇನ್ನೂ ಓದಬೇಕಾದ ಭಾಗ. ಕಾಯಿಲೆಯ ಮೂಲವನ್ನು ಜೀವಕೋಶದಲ್ಲೇ ಹುಡುಕಬೇಕೆಂದು ಜರ್ಮನಿಯ ರುಡಾಲ್ಫ್ ವಿರ್ಕೋ 1858ರಲ್ಲೇ ವಾದಿಸಿದ್ದರು. ಪಾಠ ಇವತ್ತಿಗೂ ಅಲ್ಲಿಂದಲೇ ಶುರುವಾಗುತ್ತದೆ.

ಕಾರಣಗಳ ಪಟ್ಟಿ ಕಷ್ಟದ್ದಲ್ಲ: ಆಮ್ಲಜನಕದ ಕೊರತೆ, ಶಾಖ-ವಿದ್ಯುತ್-ವಿಕಿರಣದಂಥ ಭೌತಿಕ ಕಾರಣ, ವಿಷ ಮತ್ತು ಔಷಧ, ಸೋಂಕು, ರೋಗನಿರೋಧಕ ವ್ಯವಸ್ಥೆಯ ಎಡವಟ್ಟು, ವಂಶವಾಹಿ ದೋಷ, ಪೋಷಣೆಯ ಹೆಚ್ಚುಕಡಿಮೆ. ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಮತ್ತು ಇಸ್ಕೀಮಿಯಾ (ರಕ್ತದ ಹರಿವಿನ ಕೊರತೆ) ಎರಡನ್ನೂ ಒಂದೇ ಎಂದು ಬರೆಯಬೇಡಿ. ತೀವ್ರ ರಕ್ತಹೀನತೆಯಲ್ಲಿ ಆಮ್ಲಜನಕ ಕಡಿಮೆ, ಆದರೆ ರಕ್ತ ಹರಿಯುತ್ತಿರುತ್ತದೆ, ಗ್ಲೂಕೋಸ್ ಬರುತ್ತದೆ, ಕಸವೂ ಹೊರಹೋಗುತ್ತದೆ. ಇಸ್ಕೀಮಿಯಾದಲ್ಲಿ ಹರಿವೇ ನಿಂತಿರುತ್ತದೆ. ಅದಕ್ಕೇ ಇಸ್ಕೀಮಿಯಾ ಬೇಗ ಕೊಲ್ಲುತ್ತದೆ.

ಹಂತ 2: ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಮುಗಿದಾಗ ಏನೇನಾಗುತ್ತದೆ, ಸಾಲು ತಪ್ಪದಂತೆ ಕಲಿಯಿರಿ

ಇಡೀ ಪಾಠದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಇದು ಕೈಗೆ ಸಿಕ್ಕರೆ ಮುಂದಿನದೆಲ್ಲ ಸಲೀಸು.

ಕೋಶಪೊರೆಯ ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ರಕ್ತ ನಿಂತರೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾಕ್ಕೆ ಆಮ್ಲಜನಕವಿಲ್ಲ, ಎಟಿಪಿ ಬೀಳುತ್ತದೆ, ಪಂಪು ಸೋಲುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿದ ಮೇಲೆ, ನೀರೆತ್ತುವ ಪಂಪುಗಳಿಲ್ಲದೆ ಸುರಂಗಗಳಲ್ಲಿ ನೀರು ತುಂಬಿಕೊಂಡ ಹಾಗೆ ಕೋಶದೊಳಗೂ ನೀರು ತುಂಬುತ್ತದೆ. ಕೋಶದ ಊತವೇ ಗಾಯದ ಮೊದಲ ಗುರುತು.

ಅಷ್ಟರಲ್ಲಿ ಕೋಶ ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯಲು ಹೊರಡುತ್ತದೆ. ಲ್ಯಾಕ್ಟಿಕ್ ಆಮ್ಲ ಸೇರುತ್ತದೆ, ಪಿಎಚ್ ಇಳಿಯುತ್ತದೆ, ನ್ಯೂಕ್ಲಿಯಸ್‌ನ ಕ್ರೊಮಾಟಿನ್ ಗಂಟುಕಟ್ಟುತ್ತದೆ. ಶಾಕ್‌ನಲ್ಲಿರುವ (ಅಂಗಗಳಿಗೆ ಸಾಕಷ್ಟು ರಕ್ತ ತಲುಪದ) ರೋಗಿಯ ಎಬಿಜಿ, ಅಂದರೆ ಅಪಧಮನಿ ರಕ್ತದ ಅನಿಲ ಪರೀಕ್ಷೆಯ ವರದಿಯಲ್ಲಿ ಲ್ಯಾಕ್ಟೇಟ್ ಏರಿರುವುದು ಇದೇ ಘಟನೆಯ ಲೆಕ್ಕ. ಅದೇ ಹೊತ್ತಿಗೆ ರೈಬೋಸೋಮ್‌ಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಿಂದ ಕಳಚಿಕೊಂಡು ಪ್ರೋಟೀನ್ ತಯಾರಿಕೆ ಕುಂಟುತ್ತದೆ. ಯಕೃತ್ತಿನಲ್ಲಿ, ಮುಖ್ಯವಾಗಿ ಮದ್ಯಪಾನದಿಂದ, ಕೊಬ್ಬು ಹನಿಹನಿಯಾಗಿ ಶೇಖರವಾಗುವ ಫ್ಯಾಟಿ ಚೇಂಜ್ ಕೂಡ ಈ ರಿವರ್ಸಿಬಲ್ (ಹಿಂತಿರುಗಬಲ್ಲ) ಗುಂಪಿಗೇ ಸೇರಿದ್ದು. ಇಲ್ಲಿಯವರೆಗೆ ಕಾರಣ ತೆಗೆದರೆ ಕೋಶ ಚೇತರಿಸಿಕೊಳ್ಳುತ್ತದೆ.

ಮುಂದಿನದು ಕ್ಯಾಲ್ಸಿಯಂನ ಸರದಿ. ಸಾಮಾನ್ಯವಾಗಿ ಕೋಶರಸದಲ್ಲಿ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅದು ಒಳನುಗ್ಗಿ ಎಂಜೈಮ್‌ಗಳನ್ನು ಎಬ್ಬಿಸಿದಾಗ ಫಾಸ್ಫೋಲಿಪೇಸ್‌ಗಳು ಪೊರೆಯನ್ನು, ಪ್ರೋಟಿಯೇಸ್‌ಗಳು ಕೋಶದ ಅಸ್ಥಿಪಂಜರವನ್ನು, ಎಂಡೋನ್ಯೂಕ್ಲಿಯೇಸ್‌ಗಳು ಡಿಎನ್ಎಯನ್ನು ಕಡಿಯುತ್ತವೆ. ಎಟಿಪಿಯೇಸ್‌ಗಳು ಉಳಿದ ಚೂರುಪಾರು ಎಟಿಪಿಯನ್ನೂ ಮುಗಿಸುತ್ತವೆ. ಮೈಟೊಕಾಂಡ್ರಿಯಾ ಮತ್ತೆ ಕೆಲಸಕ್ಕೆ ಬಾರದ ಹಾಗೆ ಕೆಟ್ಟರೆ, ಪೊರೆ ಹರಿದರೆ ಮುಗಿಯಿತು. ನ್ಯೂಕ್ಲಿಯಸ್ ಮೊದಲು ಕುಗ್ಗಿ ಗಾಢವಾಗುತ್ತದೆ, ಅದು ಪಿಕ್ನೋಸಿಸ್. ಚೂರಾಗುತ್ತದೆ, ಕ್ಯಾರಿಯೊರೆಕ್ಸಿಸ್. ಕರಗಿ ಮಾಯವಾಗುತ್ತದೆ, ಕ್ಯಾರಿಯೊಲೈಸಿಸ್.

ಕಲಿಯುವ ಉಪಾಯ: ಒಂದೇ ಕೋಶವನ್ನು ಪೆನ್ಸಿಲಿನಲ್ಲಿ ಮೂರು ಸಲ ಬರೆಯಿರಿ. ಸಹಜ, ಊದಿದ್ದು, ಸತ್ತದ್ದು. ಎರಡನೆಯದರಲ್ಲಿ ಪೊರೆಯ ಗೆರೆ ಉಬ್ಬಿದ್ದರೂ ಎಲ್ಲೂ ತುಂಡಾಗಿರಬಾರದು. ಮೂರನೆಯದರಲ್ಲಿ ತುಂಡಾಗಿರಲೇಬೇಕು.

ಹಂತ 3: ಯಾವ ಕೋಶಕ್ಕೆ ಎಷ್ಟು ಹೊತ್ತು

ರಕ್ತ ಪೂರ್ತಿ ನಿಂತರೆ ಮಿದುಳಿನ ನರಕೋಶಗಳಿಗೆ ಸುಮಾರು 3ರಿಂದ 5 ನಿಮಿಷ. ಹೃದಯದ ಸ್ನಾಯುವಿಗೆ 20ರಿಂದ 30 ನಿಮಿಷ. ಕೈಕಾಲಿನ ಸ್ನಾಯುವಿಗೆ ಹೆಚ್ಚೂಕಡಿಮೆ 4ರಿಂದ 6 ಗಂಟೆ. ಅದರ ನಂತರ ಹಿಂತಿರುಗಲಾಗದ ಹಾನಿ ಶುರು.

ಹೃದಯದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ರಕ್ತ ನಿಂತ ಒಂದೆರಡು ನಿಮಿಷದಲ್ಲೇ ಸ್ನಾಯು ಸಂಕುಚಿಸುವುದನ್ನು ಬಿಡುತ್ತದೆ, ಆದರೆ ಸತ್ತಿರುವುದಿಲ್ಲ. ಸಾವು 20-30 ನಿಮಿಷಕ್ಕೆ ಒಳಪದರದಿಂದ ಶುರುವಾಗಿ ಗಂಟೆಗಳ ಕಾಲ ಹೊರಪದರದ ಕಡೆಗೆ ಹಬ್ಬುತ್ತದೆ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಅದು ಕಾಣಿಸುವುದು 4ರಿಂದ 12 ಗಂಟೆಯ ನಂತರ, ಬರಿಗಣ್ಣಿಗೆ ಇನ್ನೂ ತಡ. ಕೆಲಸ ಮೊದಲು ನಿಲ್ಲುತ್ತದೆ, ರೂಪ ಆಮೇಲೆ ಕೆಡುತ್ತದೆ. ಎದೆನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಎಲ್ಲರೂ ಪದೇ ಪದೇ ಕೇಳುವುದು ಈ ಕಾರಣಕ್ಕೆ. 'ನಿನ್ನೆ ರಾತ್ರಿ' ಎಂದರೆ ಸಾಲದು. 'ಊಟಕ್ಕೆ ಮುಂಚೆನಾ, ಆಮೇಲಾ? ಟಿವಿಯಲ್ಲಿ ಏನು ಬರ್ತಿತ್ತು?' ಎಂದು ಕೆದಕಿ ಗಂಟೆ ನಿಮಿಷಕ್ಕೆ ಇಳಿಸಿ.

ಹಂತ 4: ಸೋರಿದ್ದನ್ನು ರಕ್ತದಲ್ಲಿ ಹಿಡಿಯಿರಿ, ಸ್ಯಾಂಪಲ್ ಕೆಡಿಸದೆ

ಪೊರೆ ಹರಿದರೆ ಒಳಗಿನದು ಹೊರಬರುತ್ತದೆ. ಹೃದಯ ಸ್ನಾಯುವಿನ ಪ್ರೋಟೀನ್ ಆದ ಟ್ರೋಪೊನಿನ್ ರಕ್ತದಲ್ಲಿ ಏರಲು ಸಾಮಾನ್ಯವಾಗಿ 3ರಿಂದ 6 ಗಂಟೆ ಬೇಕು, ಇಳಿಯಲು ವಾರಕ್ಕೂ ಹೆಚ್ಚು. ಆದ್ದರಿಂದ ನೋವು ಶುರುವಾದ ಒಂದು ಗಂಟೆಗೆ ತೆಗೆದ ಟ್ರೋಪೊನಿನ್ ನೆಗೆಟಿವ್ ಬಂದರೆ ಹೃದಯಾಘಾತ ಇಲ್ಲವೆಂದು ಅರ್ಥವಲ್ಲ, ಮತ್ತೆ ತೆಗೆಯಬೇಕು. ಹೃದಯದ ಇನ್ನೊಂದು ಗುರುತಾದ ಸಿಕೆ-ಎಂಬಿ ಎಂಜೈಮ್ 2-3 ದಿನಕ್ಕೆ ಇಳಿಯುತ್ತದೆ. ಯಕೃತ್ತಾದರೆ ಎಎಲ್‌ಟಿ, ಎಎಸ್‌ಟಿ ಎಂಬ ಎಂಜೈಮ್‌ಗಳು. ಸ್ನಾಯುವಾದರೆ ಸಿಕೆ ಮತ್ತು ಮಯೋಗ್ಲೋಬಿನ್, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಸೋರಿಕೆ ಪೊಟ್ಯಾಸಿಯಂನದು. ಕೋಶದ ಒಳಗೆ ಲೀಟರಿಗೆ ಸುಮಾರು 140 ಮಿಲಿಈಕ್ವಿವಲೆಂಟ್, ರಕ್ತದಲ್ಲಿ 3.5ರಿಂದ 5. ಸುಟ್ಟಗಾಯ, ಜಜ್ಜುಗಾಯ, ಹಾವಿನ ವಿಷ, ಎಲ್ಲದರಲ್ಲೂ ಕೋಶಗಳು ಗುಂಪಾಗಿ ಸತ್ತಾಗ ಇದು ಏರುತ್ತದೆ. ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎತ್ತರವಾಗುತ್ತದೆ, ಆಮೇಲೆ ಕ್ಯೂಆರ್‌ಎಸ್ ಅಗಲವಾಗುತ್ತದೆ.

ಆದರೆ ಸಿರಿಂಜಿನಲ್ಲೇ ಕೆಂಪು ರಕ್ತಕಣ ಒಡೆದರೂ ವರದಿಯಲ್ಲಿ ಪೊಟ್ಯಾಸಿಯಂ ಹೆಚ್ಚೇ ಬರುತ್ತದೆ. ಇಲ್ಲಿ ಗಾಯ ಮಾಡಿದವರು ನಾವೇ. ತಡೆಯುವುದು ಹೀಗೆ: ಟೂರ್ನಿಕೆಟ್ ಒಂದು ನಿಮಿಷ ಮೀರದಿರಲಿ. ಮುಷ್ಟಿ ಬಿಚ್ಚಿ ಕಟ್ಟಿಸುವುದು ಬೇಡ. ಸ್ಪಿರಿಟ್ ಒಣಗುವವರೆಗೆ ಕಾಯಿರಿ. ವಯಸ್ಕರಿಗೆ 21 ಅಥವಾ 22 ಗೇಜ್ ಸೂಜಿ. ಪಿಸ್ಟನ್ ಜೋರಾಗಿ ಎಳೆಯಬೇಡಿ, ಸೂಜಿಯ ಮೂಲಕ ರಕ್ತವನ್ನು ವಯಲ್‌ಗೆ ಒತ್ತಿ ತುಂಬಬೇಡಿ. ಕುಲುಕದೆ, ನಿಧಾನವಾಗಿ ತಿರುವಿ. ನೇರಳೆ ಮುಚ್ಚಳದ ವಯಲ್‌ನಲ್ಲಿರುವುದು ಪೊಟ್ಯಾಸಿಯಂ ಇಡಿಟಿಎ. ಕೆಂಪು ವಯಲ್‌ನಲ್ಲಿ ರಕ್ತ ಸಾಲದೆಂದು ಅದರಿಂದ ಒಂದಿಷ್ಟು ಸುರಿದರೆ ಪೊಟ್ಯಾಸಿಯಂ ಆಕಾಶಕ್ಕೇರಿ ಕ್ಯಾಲ್ಸಿಯಂ ಪಾತಾಳಕ್ಕಿಳಿದ ವರದಿ ಬರುತ್ತದೆ. ಎರಡೂ ಒಟ್ಟಿಗೆ ಕಂಡರೆ ಮೊದಲು ವಯಲ್ ಮೇಲೆ ಅನುಮಾನಪಡಿ, ಆದರೆ ಡಾಕ್ಟರಿಗೆ ತಿಳಿಸಿ ಇಸಿಜಿ ತೆಗೆಯುವುದನ್ನು ಮಾತ್ರ ತಡಮಾಡಬೇಡಿ.

ಹಂತ 5: ಆಮ್ಲಜನಕವೇ ವಿಷವಾಗುವ ಸಂದರ್ಭ

ಫ್ರೀ ರ‍್ಯಾಡಿಕಲ್ ಎಂಬ ವಿಷಯ ಪುಸ್ತಕದಲ್ಲಿ ಒಣ ರಸಾಯನಶಾಸ್ತ್ರದ ಹಾಗಿದೆ. ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್, ಇವು ಪೊರೆಯ ಕೊಬ್ಬು, ಪ್ರೋಟೀನ್, ಡಿಎನ್ಎ ಮೂರನ್ನೂ ಹಾಳುಮಾಡುತ್ತವೆ. ಕೋಶದ ರಕ್ಷಕಗಳಾದ ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್), ಕ್ಯಾಟಲೇಸ್, ಗ್ಲುಟಾಥಯೋನ್ ಅವನ್ನು ತಣಿಸುತ್ತವೆ. ಇಷ್ಟನ್ನು ತಲೆಯಲ್ಲಿ ಕೂರಿಸಲು ನಮ್ಮ ಸೀಮೆಯ ಎಮರ್ಜೆನ್ಸಿ ವಾರ್ಡೇ ಸಾಕು.

ಟೊಮೆಟೊ, ದ್ರಾಕ್ಷಿ, ಹೂವಿನ ಬೆಳೆಯ ಊರುಗಳಲ್ಲಿ ಮನೆಯೊಳಗೇ ಔಷಧಿ ಡಬ್ಬಗಳಿರುತ್ತವೆ. 'ಔಷಧಿ ಕುಡಿದವ್ರೆ' ಎಂದು ಕರೆತಂದಾಗ ಮೊದಲು ಕೇಳಬೇಕಾದದ್ದು: 'ಅಮ್ಮಾ, ಹುಳಕ್ಕೆ ಹೊಡೆಯೋ ಔಷಧಿನಾ, ಕಳೆಗೆ ಹೊಡೆಯೋದಾ? ಬಾಟ್ಲಿ ತಂದಿದೀರಾ?' ಆರ್ಗನೊಫಾಸ್ಫೇಟ್ ಕೀಟನಾಶಕವಾದರೆ ಬಾಯಿ ಮೂಗಲ್ಲಿ ಸ್ರಾವ, ಚಿಕ್ಕದಾದ ಕಣ್ಣುಪಾಪೆ, ಕಡಿಮೆ ನಾಡಿಬಡಿತ. ಅಲ್ಲಿ ಆಮ್ಲಜನಕ ಕೊಡುವುದು ಸರಿ, ಅಟ್ರೋಪಿನ್ ಬೇಕು. ಪ್ಯಾರಾಕ್ವಾಟ್ ಕಳೆನಾಶಕವಾದರೆ ಲೆಕ್ಕ ಬೇರೆ. ಶ್ವಾಸಕೋಶದ ಕೋಶಗಳು ಪ್ಯಾರಾಕ್ವಾಟನ್ನು ಒಳಗೆ ಎಳೆದುಕೊಂಡು ಕೂಡಿಹಾಕುತ್ತವೆ. ಅದು ಅಲ್ಲಿ ಆಮ್ಲಜನಕದ ಜೊತೆ ಸೇರಿ ಮತ್ತೆ ಮತ್ತೆ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ. ಹೆಚ್ಚು ಆಮ್ಲಜನಕ ಕೊಟ್ಟಷ್ಟೂ ಹೆಚ್ಚು ಹಾನಿ. ಆದ್ದರಿಂದ ತೀವ್ರ ಹೈಪಾಕ್ಸಿಯಾ ಬರುವವರೆಗೆ ಆಮ್ಲಜನಕ ಕೊಡುವುದಿಲ್ಲ. ಅಭ್ಯಾಸಬಲದಿಂದ ಮಾಸ್ಕ್ ಹಾಕುವ ಮುಂಚೆ ಬಾಟ್ಲಿಯ ಹೆಸರು ಓದಿ, ಸಂಶಯವಿದ್ದರೆ ಡ್ಯೂಟಿ ಡಾಕ್ಟರನ್ನು ಕೇಳಿ.

ಪ್ಯಾರಾಸಿಟಮಾಲ್ ಅತಿಯಾದಾಗಲೂ ತತ್ವ ಇದೇ. ಅದರಿಂದ ಹುಟ್ಟುವ ಎನ್‌ಎಪಿಕ್ಯುಐ ಎಂಬ ವಿಷವಸ್ತುವನ್ನು ಯಕೃತ್ತಿನ ಗ್ಲುಟಾಥಯೋನ್ ಹಿಡಿದುಹಾಕುತ್ತದೆ. ಗ್ಲುಟಾಥಯೋನ್ ಮುಗಿದರೆ ಕೋಶಗಳು ಸಾಯುತ್ತವೆ. ಎನ್-ಅಸಿಟೈಲ್‌ಸಿಸ್ಟೀನ್ ಆ ದಾಸ್ತಾನನ್ನು ಮತ್ತೆ ತುಂಬುತ್ತದೆ, 8 ಗಂಟೆಯೊಳಗೆ ಶುರುಮಾಡಿದರೆ ಫಲ ಅತಿ ಹೆಚ್ಚು. ಮೊದಲ ದಿನ ರೋಗಿ ಆರಾಮಾಗಿಯೇ ಇರುತ್ತಾರೆ, ಮನೆಗೆ ಕಳಿಸಿ ಎಂದು ಕಡೆಯವರು ಹಟ ಮಾಡುತ್ತಾರೆ. ಎಎಲ್‌ಟಿ ಏರುವುದು ಹೆಚ್ಚಾಗಿ 24 ಗಂಟೆಯ ನಂತರ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾದವರು ನೀವೇ.

ಹಂತ 6: ಹಗ್ಗ ಕಟ್ಟಿದ ಕಾಲು

ಕೊಳಕುಮಂಡಲದ ವಿಷದಲ್ಲೇ ಫಾಸ್ಫೋಲಿಪೇಸ್ ಮತ್ತು ಪ್ರೋಟೀನ್ ಕಡಿಯುವ ಎಂಜೈಮ್‌ಗಳಿವೆ. ಹಂತ 2ರಲ್ಲಿ ಕ್ಯಾಲ್ಸಿಯಂ ಒಳಗಿನಿಂದ ಮಾಡಿಸಿದ ಕೆಲಸವನ್ನು ವಿಷ ಹೊರಗಿನಿಂದ ಮಾಡುತ್ತದೆ: ಊತ, ಬೊಕ್ಕೆ, ಚರ್ಮ ಕೊಳೆಯುವುದು. ಅದರ ಮೇಲೆ ಹಗ್ಗ ಬಿಗಿದರೆ ಇಸ್ಕೀಮಿಯಾ ಸೇರಿಕೊಳ್ಳುತ್ತದೆ. ಒಂದೇ ಕಾಲಿಗೆ ಎರಡು ಗಾಯ.

ಹಗ್ಗ ಕಂಡ ಕೂಡಲೇ ಕತ್ತರಿಸಲು ಕೈ ಹಾಕಬೇಡಿ. ಹಗ್ಗ ಯಾವಾಗ ಕಟ್ಟಿದರೆಂದು ಕೇಳಿ ಬರೆಯಿರಿ. ಹಗ್ಗದ ಕೆಳಗೆ ನಾಡಿ ಸಿಗುತ್ತದೆಯೇ ನೋಡಿ. ಐವಿ ಲೈನ್ ಹಾಕಿ, ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಮತ್ತು ಉಸಿರಾಟಕ್ಕೆ ನೆರವಾಗುವ ಅಂಬು ಬ್ಯಾಗ್ ಕೈಗೆಟಕುವಂತಿಟ್ಟು, ಡಾಕ್ಟರ ಎದುರಿನಲ್ಲೇ ಬಿಚ್ಚಬೇಕು. ಥಟ್ಟನೆ ಬಿಚ್ಚಿದರೆ ಕೆಳಗೆ ತಡೆದಿದ್ದ ವಿಷ ಒಮ್ಮೆಲೇ ನುಗ್ಗಿ ಬಿಪಿ ಕುಸಿಯಬಹುದು, ಉಸಿರಾಟ ನಿಲ್ಲಬಹುದು. ಗಂಟೆಗಟ್ಟಲೆ ರಕ್ತವಿಲ್ಲದ ಸ್ನಾಯುವಿಗೆ ಆಮ್ಲಜನಕ ಮರಳಿದಾಗ ಫ್ರೀ ರ‍್ಯಾಡಿಕಲ್‌ಗಳು, ಕ್ಯಾಲ್ಸಿಯಂ, ಬಿಳಿರಕ್ತಕಣಗಳು ಒಟ್ಟಿಗೆ ನುಗ್ಗಿ ಗಾಯ ಹೆಚ್ಚುವುದೂ ಉಂಟು. ಇದಕ್ಕೆ ರಿಪರ್ಫ್ಯೂಷನ್ ಇಂಜುರಿ ಎನ್ನುತ್ತಾರೆ.

ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆ ನಿಮ್ಮ ಕೈಗೇ ಬರುತ್ತದೆ. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಒಂದು ಸಲ ಓರೆ ಮಾಡಿ ನೋಡಿ. ಪ್ಲಾಸ್ಟಿಕ್ ಟ್ಯೂಬೋ, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬೋ ಆದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹಾದಿ ತಪ್ಪಿಸುತ್ತದೆ. ಮೂತ್ರ ಗಂಟೆಗೆ ಕಿಲೋಗೆ 0.5 ಮಿಲಿಗಿಂತ ಕಡಿಮೆಯಾದರೆ, ಬಣ್ಣ ಕಪ್ಪಾದರೆ ಕೂಡಲೇ ತಿಳಿಸಿ.

ಹಂತ 7: ಬೆರಳಿನಿಂದ ಒತ್ತಿ ನೋಡುವ ಪಾಠ

ರಿವರ್ಸಿಬಲ್ ಎಂದರೇನು ಎಂಬುದನ್ನು ಮೈಕ್ರೋಸ್ಕೋಪ್ ಇಲ್ಲದೆ ನೋಡಬೇಕಾದರೆ ಮಲಗಿದಲ್ಲೇ ಇರುವ ರೋಗಿಯ ಬೆನ್ನು ನೋಡಿ. ಬಾಲಮೂಳೆಯ ಮೇಲಿನ ಕೆಂಪು ಜಾಗವನ್ನು ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ, ಒತ್ತಡ ತೆಗೆದರೆ ಸರಿಹೋಗುತ್ತದೆ. ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಬೆಡ್ ಸೋರ್‌ನ ಮೊದಲ ಹಂತ. ನಮ್ಮ ಜನರ ಕಂದು, ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕೆ ಹೋಲಿಸಿ ಬಿಸಿ, ಗಟ್ಟಿತನ, ನೋವು ನೋಡಬೇಕು. ನೇರಳೆ ಕಲೆಯಿದ್ದರೆ ಇನ್ನೂ ಎಚ್ಚರ: ಸ್ನಾಯುವಿಗೆ ಚರ್ಮಕ್ಕಿಂತ ಹೆಚ್ಚು ಆಮ್ಲಜನಕ ಬೇಕಾದ್ದರಿಂದ ಅದೇ ಮೊದಲು ಸಾಯುತ್ತದೆ, ಚರ್ಮ ಹರಿಯುವಷ್ಟರಲ್ಲಿ ಒಳಗೆ ಗುಂಡಿ ಬಿದ್ದಿರುತ್ತದೆ.

ಕೆಂಪು ಜಾಗಕ್ಕೆ ಸ್ಪಿರಿಟ್ ಪೌಡರ್ ಹಾಕಿ ಉಜ್ಜುವ ಹಳೆಯ ಪದ್ಧತಿ ಇನ್ನೂ ಬಿಟ್ಟಿಲ್ಲ. ಬಿಡಬೇಕು. ಊದಿದ ಕೋಶವನ್ನು ಉಜ್ಜಿದರೆ ಹರಿಯುತ್ತದೆ. ಗ್ಲೌಸ್‌ಗೆ ನೀರು ತುಂಬಿ ಹಿಮ್ಮಡಿಯಡಿ ಇಡುವುದೂ, ಟ್ಯೂಬಿನಂಥ ರಿಂಗ್ ಕುಶನ್ ಕೂಡ ಬೇಡ. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿಯನ್ನು ತೇಲಿಸಿ, ಸಾಮಾನ್ಯವಾಗಿ 2 ಗಂಟೆಗೊಮ್ಮೆ 30 ಡಿಗ್ರಿ ಓರೆಯಾಗಿ ತಿರುಗಿಸಿ, ತಿರುಗಿಸಿದ ಸಮಯ ಬರೆಯಿರಿ.

ಸುಟ್ಟಗಾಯದಲ್ಲೂ ನಡುವಿನ ಭಾಗ ಸತ್ತಿರುತ್ತದೆ, ಅದರ ಸುತ್ತಲಿನ ವಲಯ ಸಾವು ಬದುಕಿನ ನಡುವೆ ಇರುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆಗೂಡು ಬೇಯಿಸುವ ಬಿಸಿನೀರು ಬಿದ್ದು ಬಂದವರಿಗೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಸಿದರೆ ಉಳಿಯುವುದು ಆ ವಲಯ. ಐಸ್ ಇಟ್ಟರೆ ರಕ್ತನಾಳ ಕುಗ್ಗಿ ಅದೂ ಹೋಗುತ್ತದೆ.

ಹಂತ 8: ಸಾವಿನ ಬಗೆಗಳು ಮತ್ತು ಹೊಂದಾಣಿಕೆ

ಗಾಯದಿಂದ ಕೋಶಗಳು ಸಾಯುವ ನೆಕ್ರೋಸಿಸ್‌ನ ಬಗೆಗಳನ್ನು ಅಂಗದ ಜೊತೆಗೇ ನೆನಪಿಡಿ. ಹೃದಯ, ಮೂತ್ರಪಿಂಡದ ಇನ್‌ಫಾರ್ಕ್ಷನ್ (ರಕ್ತ ನಿಂತು ಅಂಗಾಂಶ ಸಾಯುವುದು) ಕೊಯಾಗ್ಯುಲೇಟಿವ್, ಅಂದರೆ ಗಟ್ಟಿಯಾಗಿ ಉಳಿಯುವುದು. ಮಿದುಳು ಮತ್ತು ಕೀವುಗಡ್ಡೆ ಲಿಕ್ವಿಫ್ಯಾಕ್ಟಿವ್, ಅಂದರೆ ಕರಗಿ ದ್ರವವಾಗುವುದು. ಕ್ಷಯದ ಗಂಟು ಕೇಸಿಯಸ್, ಅಂದರೆ ಚೀಸಿನಂತಾಗುವುದು. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಫ್ಯಾಟ್ ನೆಕ್ರೋಸಿಸ್. ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಅಂಟಿಕೊಂಡು ರಕ್ತದ ಕ್ಯಾಲ್ಸಿಯಂ ಇಳಿಯುವುದರಿಂದ ಆ ರೋಗಿಗೆ ಕೈಬೆರಳು ಸೆಟೆದುಕೊಳ್ಳಬಹುದು. ಗ್ಯಾಂಗ್ರೀನ್ ಒಣಗಿದ್ದಾದರೆ ಒಣಗಿಯೇ ಇರಲಿ, ಬಿಸಿನೀರಲ್ಲಿ ಕಾಲು ನೆನೆಸಲು ಬಿಡಬೇಡಿ. ಅಪೊಪ್ಟೋಸಿಸ್‌ಗೆ, ಅಂದರೆ ಕೋಶ ತನ್ನದೇ ಯೋಜನೆಯಂತೆ ಸಾಯುವುದಕ್ಕೆ, ಎಟಿಪಿ ಬೇಕು, ಕ್ಯಾಸ್ಪೇಸ್ ಎಂಬ ಎಂಜೈಮ್ ಬೇಕು. ಕೋಶ ಕುಗ್ಗುತ್ತದೆ, ಪೊರೆ ಹರಿಯುವುದಿಲ್ಲ, ಸುತ್ತ ಉರಿಯೂತವಿಲ್ಲ. ಈ ಹೆಸರು ಬಂದದ್ದು 1972ರಲ್ಲಿ.

ಕೆಜಿಎಫ್‌ನ ಹಳೆಯ ಗಣಿ ಕೆಲಸಗಾರರು, ಕಲ್ಲುಕ್ವಾರಿಯವರು ಕೆಮ್ಮಿಕೊಂಡು ಬಂದರೆ ಹೊರಗಿನ ಕಣಗಳನ್ನು ನುಂಗುವ ಕಾವಲು ಕೋಶ ಮ್ಯಾಕ್ರೋಫೇಜ್ ನೆನಪಿಗೆ ಬರಲಿ. ಅದು ಸಿಲಿಕಾ ಕಣ ನುಂಗಿ ಸಾಯುತ್ತದೆ, ಕಣ ಹೊರಬಿದ್ದು ಇನ್ನೊಂದು ಅದನ್ನು ನುಂಗುತ್ತದೆ, ಕೊನೆಗೆ ಶ್ವಾಸಕೋಶ ನಾರುಗಟ್ಟುತ್ತದೆ. ಕಾವಲಿನ ಕೋಶವೇ ಕೆಟ್ಟದ್ದರಿಂದ ಕ್ಷಯ ಸುಲಭವಾಗಿ ಹಿಡಿಯುತ್ತದೆ, ಕಫ ಪರೀಕ್ಷೆ ಮರೆಯುವಂತಿಲ್ಲ. ಪಾವಗಡ, ಬಾಗೇಪಲ್ಲಿ ಕಡೆಯ ಮಕ್ಕಳ ಹಲ್ಲಿನ ಕಂದು ಪಟ್ಟೆಯೂ ಕೋಶದ ಗಾಯವೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಎನಾಮಲ್ ಕಟ್ಟುವ ಕೋಶಗಳನ್ನು ಕೆಡಿಸುತ್ತದೆ. ಆ ಕೋಶಗಳು ಕೆಲಸ ಮಾಡುವುದು ಬಾಲ್ಯದಲ್ಲಿ ಮಾತ್ರ, ಹಾಗಾಗಿ ದೊಡ್ಡವರಾದ ಮೇಲೆ ಊರಿಗೆ ಬಂದವರ ಹಲ್ಲಿನಲ್ಲಿ ಆ ಪಟ್ಟೆ ಮೂಡುವುದಿಲ್ಲ.

ಒತ್ತಡಕ್ಕೆ ಸಿಕ್ಕ ಕೋಶ ಸಾಯದೆ ತನ್ನನ್ನು ಬದಲಿಸಿಕೊಳ್ಳುವ ಹೊಂದಾಣಿಕೆಯ ಭಾಗ ಚಿಕ್ಕದು. ಬಿಪಿಯವರ ಎಡ ಹೃತ್ಕುಕ್ಷಿ ದಪ್ಪವಾಗುವುದು ಹೈಪರ್‌ಟ್ರೋಫಿ (ಕೋಶ ದೊಡ್ಡದಾಗುವುದು), ವಯಸ್ಸಾದವರ ಪ್ರಾಸ್ಟೇಟ್ ಹೈಪರ್‌ಪ್ಲೇಸಿಯಾ (ಕೋಶಗಳ ಸಂಖ್ಯೆ ಹೆಚ್ಚುವುದು), ಪ್ಲಾಸ್ಟರ್ ಬಿಚ್ಚಿದ ಕಾಲಿನ ಸಣಕಲು ಸ್ನಾಯು ಅಟ್ರೋಫಿ, ಬೀಡಿ ಸೇದುವವರ ಶ್ವಾಸನಾಳದ ಒಳಪದರ ಬದಲಾಗುವುದು ಮೆಟಾಪ್ಲೇಸಿಯಾ. ಗರ್ಭಕೋಶ ಬಸುರಿನಲ್ಲಿ ಮೊದಲೆರಡನ್ನೂ ಒಟ್ಟಿಗೆ ಮಾಡುತ್ತದೆ.

ಹಂತ 9: ಉತ್ತರಪತ್ರಿಕೆಯಲ್ಲಿ, ಕೇಸ್ ಶೀಟಿನಲ್ಲಿ

ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪುಗಳು ವರ್ಷ ವರ್ಷವೂ ಅವೇ. ಡಿಸ್‌ಪ್ಲೇಸಿಯಾವನ್ನು ನಿಜವಾದ ಹೊಂದಾಣಿಕೆ ಎಂದು ಬರೆಯುವುದು, ಅದು ಅಡ್ಡಾದಿಡ್ಡಿ ಬೆಳವಣಿಗೆ. ಹೃದಯದಲ್ಲಿ ಹೈಪರ್‌ಪ್ಲೇಸಿಯಾ ಎನ್ನುವುದು. ಮಿದುಳಿನ ಇನ್‌ಫಾರ್ಕ್ಟಿಗೆ ಕೊಯಾಗ್ಯುಲೇಟಿವ್ ಎಂದು ಹಾಕುವುದು. ರಿವರ್ಸಿಬಲ್ ಮತ್ತು ಇರ್‌ರಿವರ್ಸಿಬಲ್ ನಡುವಿನ ವ್ಯತ್ಯಾಸ ಕೇಳಿದಾಗ ಊತದಲ್ಲೇ ನಿಂತು ಪೊರೆ, ಮೈಟೊಕಾಂಡ್ರಿಯಾ, ನ್ಯೂಕ್ಲಿಯಸ್ ಮೂರನ್ನೂ ಬಿಡುವುದು.

ಕೇಸ್ ಶೀಟಿನಲ್ಲಿ 'ರೆಡ್‌ನೆಸ್ ಪ್ರೆಸೆಂಟ್' ಎಂದಷ್ಟೇ ಗೀಚಿದರೆ ಮುಂದಿನ ಶಿಫ್ಟಿನ ಸಿಸ್ಟರ್‌ಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ಬೆಳಿಗ್ಗೆ 6.10, ಬಾಲಮೂಳೆಯ ಮೇಲೆ 3×2 ಸೆಂ.ಮೀ. ಕೆಂಪು, ಒತ್ತಿದರೆ ಬಿಳಿಚುತ್ತಿಲ್ಲ, ಚರ್ಮ ಹರಿದಿಲ್ಲ, ಸುತ್ತಲಿಗಿಂತ ಬಿಸಿ. ಎಡಕ್ಕೆ 30 ಡಿಗ್ರಿ ತಿರುಗಿಸಲಾಗಿದೆ, 8.10ಕ್ಕೆ ಮತ್ತೆ ನೋಡಬೇಕು.